ಫ್ರಿಜ್ಜಿನೊಳಗಿನ ಬಿಸಿ

ಮಾವನ ಮುಂದೆ ನಾನು ಹೇಳಿದ ಅತಿ ದೊಡ್ಡ ಸುಳ್ಳು ಒಂದೇ ಪದದ್ದು: 'ಗೊತ್ತು'.

ನಾನು ಹುಣಸೂರು ಕಡೆಯವನು. ನಮ್ಮಲ್ಲಿ ಹೊಗೆಸೊಪ್ಪನ್ನು ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ನೇತುಹಾಕಿ, ಕೆಳಗೆ ಬೆಂಕಿ ಹಾಕಿ ಹದ ಮಾಡುತ್ತಾರೆ. ನಮ್ಮವ್ವ ಅದರಲ್ಲಿ ಪಳಗಿದವಳು. ನಾನೋ ಬ್ಯಾರನ್ನಿನ ಸೆಕೆ ತಪ್ಪಿಸಿಕೊಳ್ಳಲು ಪುಸ್ತಕ ಹಿಡಿದವನು; ಹಾಗೆ ತಪ್ಪಿಸಿಕೊಳ್ಳುತ್ತಲೇ ಪುಣೆಯ ವಿಮಾ ಕಚೇರಿಯ ಕುರ್ಚಿ ತಲುಪಿದೆ.

ಮಾವ ನಿಪ್ಪಾಣಿಯವರು. ಪುಣೆಯಂಚಿನ ಭೋಸರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾಗಿ ಅಲ್ಲೇ ಮನೆ ಮಾಡಿದ್ದಾರೆ. ಡಾಕ್ಟರು ಅವರ ತಂಬಾಕು ಬಿಡಿಸಿ ನಾಲ್ಕು ವರ್ಷವಾಯಿತು. "ತಿನ್ನೂದಿಲ್ಲವಾ, ಬರೇ ವಾಸನಿ ನೋಡತೇನಿ" ಎಂದು ಮಗಳಿಗೆ, ಅಂದರೆ ನನ್ನ ಹೆಂಡತಿಗೆ, ಮಾತು ಕೊಟ್ಟು ತಾರಸಿಯಲ್ಲಿ ಆರು ಗಿಡ ಬೆಳೆಸಿದರು. ನಿಪ್ಪಾಣಿಯಲ್ಲಿ ಎಲೆ ಒಣಗುವುದು ಬಿಸಿಲಿಗೆ. ಇಲ್ಲಿ ಎಲೆ ಬಲಿತದ್ದು ಮಳೆಗಾಲದಲ್ಲಿ.

"ಅಳಿಯಂದ್ರ, ನಿಮ್ಮ ಕಡೆ ಒಳಗ ಬಿಸಿ ಮಾಡಿ ಒಣಗಸ್ತಾರಂತಲ್ರಿ. ನಿಮಗ ಗೊತ್ತದ ಏನ್ರಿ?"

ಮದುವೆಯಾಗಿ ಒಂಬತ್ತು ವರ್ಷ. ಅಷ್ಟೂ ದಿನ ನಾವಿಬ್ಬರು ಮಾತಾಡಿದ್ದು ಮಳೆ, ಟ್ರಾಫಿಕ್ಕು, ಮತ್ತೆ ಮಳೆ. ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಗೊತ್ತು ಎಂದುಬಿಟ್ಟೆ.

ಕೆಟ್ಟುಹೋದ ಹಳೆಯ ಫ್ರಿಜ್ಜೊಂದು ಅವರ ಮನೆಯಲ್ಲಿತ್ತು. ಮಾವ ಒಂದೇ ದಿನದಲ್ಲಿ ಅದರ ನೆತ್ತಿಗೆ ತೂತು ಕೊರೆದು, ತಳದಲ್ಲಿ ಬಲ್ಬಿನ ಹೋಲ್ಡರ್ ಕೂರಿಸಿ, ಎಲೆ ಬೇಗನೆ ಒಣಗದಂತೆ ಒಂದು ಬಟ್ಟಲು ನೀರಿಟ್ಟು, ಎಲೆ ಕಟ್ಟಲು ತಂತಿ ಎಳೆದರು. ಬಿಸಿ ಹೆಚ್ಚಾದರೆ ತೂತಿನ ಬಟ್ಟೆ ತೆಗೆಯುವುದು, ಕಡಿಮೆಯಾದರೆ ದೊಡ್ಡ ಬಲ್ಬು ಹಾಕುವುದು. ಎಷ್ಟು ಬಿಸಿ, ಯಾವಾಗ ಎನ್ನುವುದು ಮಾತ್ರ ನನ್ನ ಪಾಲಿಗೆ ಬಂತು.

ನಾನು ಮೆಟ್ಟಿಲ ಮೇಲೆ ನಿಂತು ಅವ್ವನಿಗೆ ಫೋನ್ ಮಾಡಿದೆ. "ಮೊದ್ಲು ಸಣ್ಣ ಬಿಸಿ ಕಣಪ್ಪ. ಎಲೆ ಬಾಳೆಹಣ್ಣಿನಂಗೆ ಹಳದಿ ಆಗೋಗಂಟ ಕಾಯಿ. ಮೊದ್ಲೇ ಏರ್ಸಿದ್ರೆ ಹಸಿರೇ ನಿಂತೋಯ್ತದೆ" ಎಂದಳು.

ನಲವತ್ತರ ಬಲ್ಬು ಹಾಕಿದೆ. ಎರಡು ದಿನ ಕಳೆದರೂ ಅಂಚು ಮಾತ್ರ ಹಳದಿ. ಮಾವ ಬಾಗಿಲು ತೆರೆದು ನೋಡುವರು, ನನ್ನ ಮುಖ ನೋಡುವರು. ತಿಳಿದವನು ಏನಾದರೂ ಮಾಡಬೇಕಲ್ಲ! ಹುರುಪಿನಿಂದ ನೂರರ ಬಲ್ಬು ಹಾಕಿದೆ. ಮರುದಿನ ನೋಡಿದರೆ ಎಲೆ ಹಪ್ಪಳದಂತೆ ಒಣಗಿತ್ತು, ಬಣ್ಣ ಗಿಳಿಹಸಿರು. ಮೂಸಿದರೆ ದನದ ಮೇವಿನ ವಾಸನೆ. ಮಾವನ ಮೂರು ತಿಂಗಳ ಆರೈಕೆ ನನ್ನ ಕೈಯಲ್ಲಿ ಪುಡಿಯಾಗುತ್ತಿತ್ತು.

"ಮಾವ, ನನಗೆ ಏನೂ ಬರಲ್ಲ. ಅವ್ವನ್ನ ಕೇಳಿ ಕೇಳಿ ಮಾಡ್ತಿದ್ದೆ" ಎಂದೆ.

ಮಾವ ಬಲ್ಬನ್ನೇ ನೋಡುತ್ತ ನಿಂತರು. "ನಾನೂ ಅವರನ್ನ ಕೇಳಾಕತ್ತಿದ್ದೆರಿ. ದೊಡ್ಡ ಬಲ್ಬ್ ಈಗ ಬ್ಯಾಡ ಅಂತ ಬೀಗತಿಯವರು ನನಗೂ ಹೇಳಿದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀವು ಭಾಳ ಖುಷೀಲೆ ಹಾಕಿದ್ರಿ. ಹೆಂಗ ಬ್ಯಾಡ ಅನ್ನೂದು?"

ಅವ್ವ ಇಬ್ಬರಿಗೂ ಪಾಠ ಹೇಳುತ್ತ ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿರಲಿಲ್ಲ. ಬಿಸಿಯನ್ನು ಹಿಡಿದಿಡಲು ಬಲ್ಲವಳಿಗೆ ಮಾತು ಹಿಡಿದಿಡುವುದು ಏನು ಮಹಾ!

ಗಿಡಗಳಲ್ಲಿ ಮೇಲಿನ ಎಲೆಗಳು ಇನ್ನೂ ಉಳಿದಿದ್ದವು. ಈ ಸಲ ಫೋನನ್ನು ಇಬ್ಬರ ನಡುವೆ ಸ್ಟೂಲಿನ ಮೇಲಿಟ್ಟು ಕೂತೆವು. ಅವ್ವನ ಕನ್ನಡ ಮಾವನಿಗೆ ಅರ್ಧ, ಮಾವನದು ಅವ್ವನಿಗೆ ಅರ್ಧ. ನಡುವೆ ನಾನು ದುಭಾಷಿ. ಕಾಯುವ ಹೊತ್ತಿನಲ್ಲಿ ಮಾವ ತಮ್ಮ ಮೊದಲ ಕೆಲಸದ ಕಥೆ ಹೇಳಿದರು, ನಾನು ಗಣಿತದಲ್ಲಿ ನಪಾಸಾದ ಕಥೆ ಹೇಳಿದೆ. ಆರನೆಯ ದಿನ ಬಾಗಿಲು ತೆರೆದಾಗ ಎಲೆಗಳು ಬೆಲ್ಲದ ಬಣ್ಣಕ್ಕೆ ತಿರುಗಿದ್ದವು.

ಮಾವ ಒಂದೆಲೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. "ನಿಪ್ಪಾಣಿ ವಾಸನಿ ಅಲ್ರಿ ಇದು" ಎಂದರು. ಎಲೆಯನ್ನು ನನ್ನತ್ತ ಚಾಚಿದರು. "ನಿಮ್ಮ ಹುಣಸೂರಿಂದು ಏನ್ ನೋಡ್ರಿ?"

ಮೂಸಿದೆ. ಅದೂ ಅಲ್ಲ ಎಂದೆ.

ಮಾವ ಎಲೆಯನ್ನು ವಾಪಸು ತೆಗೆದುಕೊಂಡು ಇನ್ನೊಮ್ಮೆ ಮೂಸಿದರು. ಈ ಸಲ ಬಹಳ ಹೊತ್ತು.

"ಹಂಗಾರ ಇದು ನಮ್ಮ ಭೋಸರೀದು" ಎಂದರು.