ಅತ್ತೆಯವರನ್ನು ಫೇಲು ಮಾಡಿಸಿದ್ದು

ನಮ್ಮತ್ತೆ ಗದಗಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರಾಗಿದ್ದವರು. ನ್ಯೂಯಾರ್ಕಿನ ಬೆಲ್‌ರೋಸಿನ ನಮ್ಮ ಮನೆಗೆ ಬಂದು ಇಷ್ಟು ವರ್ಷಗಳಾದರೂ ಅವರ ದನಿ ಇನ್ನೂ ಮೈದಾನದ ಆ ತುದಿಗೆ ಕೇಳುವ ಹಾಗೇ ಇದೆ. ಒಂದು ಚಳಿಗಾಲ ಮನೆಯೆದುರಿನ ಐಸಿನ ಮೇಲೆ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರಿಗೆ ಸ್ನಾನಕ್ಕೆ, ಮೆಟ್ಟಿಲಿಗೆ, ಕುರ್ಚಿಯಿಂದ ಏಳುವುದಕ್ಕೆಲ್ಲ ಒಬ್ಬರ ಆಸರೆ ಬೇಕು. ಅದಕ್ಕೆಂದೇ ಬರುತ್ತಿದ್ದವಳು ಗಯಾನಾ ದೇಶದ ಒಬ್ಬ ಹೆಂಗಸು. ಅತ್ತೆ ಅವಳೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಇಬ್ಬರೂ ದಿನವಿಡೀ ಸಲೀಸಾಗಿ ಜಗಳವಾಡುತ್ತಿದ್ದರು. ನಾನು ನೆಮ್ಮದಿಯಾಗಿ ಮ್ಯಾನ್‌ಹಟನ್ನಿನ ಕೆಲಸಕ್ಕೆ ಹೋಗಿ ಬರುತ್ತಿದ್ದೆ.

ಹೀಗಿರುವಾಗ ರಾಜ್ಯದ ಬಜೆಟ್ ಬಂತು. ಇಲ್ಲಿ ಹಿರಿಯರ ಆರೈಕೆಯ ಹಣವನ್ನು ಸರ್ಕಾರ ಮ್ಯಾನೇಜ್ಡ್ ಕೇರ್ ಎನ್ನುವ ಖಾಸಗಿ ಪ್ಲಾನುಗಳ ಕೈಗೆ ಕೊಡುತ್ತದೆ. ಯಾವ ಮನೆಯ ಅಜ್ಜಿಗೆ ಎಷ್ಟು ಹೊತ್ತು ಸಹಾಯ ಎಂದು ನಿರ್ಧರಿಸುವವರು ಆ ಪ್ಲಾನಿನವರು. ರಾಜಧಾನಿ ಆಲ್ಬನಿಯಲ್ಲಿ ಕೈ ಬಿಗಿಯಾಯಿತು, ನಮ್ಮ ಪ್ಲಾನು ಇನ್ನೊಂದು ಪ್ಲಾನಿನ ಹೊಟ್ಟೆಯೊಳಗೆ ಸೇರಿಹೋಯಿತು, ಹೊಸಬರು ಫೋನ್ ಮಾಡಿ ಅತ್ತೆಯವರನ್ನು ಪರೀಕ್ಷಿಸಲು ನರ್ಸ್ ಬರುತ್ತಾಳೆ ಎಂದರು.

ಅತ್ತೆಯ ಕಿವಿಗೆ ಬಿದ್ದದ್ದು ಪರೀಕ್ಷೆ ಎಂಬ ಒಂದೇ ಮಾತು. ಅಂದು ಬೆಳಿಗ್ಗೆ ಇಳಕಲ್ ಸೀರೆ ಉಡಿಸಿಕೊಂಡು, ಕೊರಳಿಗೆ ಹಳೆಯ ಸೀಟಿ ಹಾಕಿಕೊಂಡು ಹಾಲಿನಲ್ಲಿ ಕೂತರು.

"ಅತ್ತೆ, ಇದು ಆ ಥರದ ಪರೀಕ್ಷೆ ಅಲ್ಲ. ಏನು ಮಾಡಕ್ಕಾಗಲ್ಲ ಅನ್ನೋದನ್ನ ಹೇಳಬೇಕು."

"ಬಂದಾಕಿ ಮುಂದ ಅಳಕೋತ ಕೂಡ್ಲೇನು? ಸುಮ್ಕಿರು ನೀ."

ನರ್ಸ್ ಬಂದು ಸ್ಪೀಕರ್ ಫೋನಿನಲ್ಲಿ ಒಬ್ಬ ಕನ್ನಡ ದುಭಾಷಿಯನ್ನು ಹಿಡಿದಳು. ದುಭಾಷಿ ಮಹಾ ಪ್ರಾಮಾಣಿಕ, ಕಿವಿಗೆ ಬಿದ್ದದ್ದನ್ನೆಲ್ಲ ಅನುವಾದಿಸುವವನು. ಅತ್ತೆ ನನ್ನತ್ತ ಬಾಗಿ, "ನೋಡು, ಬೂಟು ಹಾಕ್ಕೊಂಡ ಒಳಗ ಬಂದಾಳ" ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಮೊದಲೇ ಹೇಳಿದ ಅಳತೆಯದು. ದುಭಾಷಿ ಅದನ್ನೂ ಇಂಗ್ಲಿಷ್ ಮಾಡಿದ. ನರ್ಸ್ ಕೆಂಪಗಾಗಿ ಎದ್ದು ಹೋಗಿ ಬೂಟು ಬಿಚ್ಚಿಟ್ಟು ಬಂದಳು.

"ಅಮ್ಮಾ, ಸ್ನಾನಕ್ಕೆ ಯಾರಾದ್ರೂ ಸಹಾಯ ಮಾಡಬೇಕಾಗುತ್ತಾ ಅಂತ ಕೇಳ್ತಿದ್ದಾರೆ" ಎಂದ ದುಭಾಷಿ.

"ನಾ ಏನ್ ಕೂಸೇನು?"

"ಕೈ ಮೇಲೆತ್ತಕ್ಕಾಗುತ್ತಾ?"

ಅದನ್ನು ಕೇಳಬಾರದಿತ್ತು. ಅತ್ತೆ ಕುರ್ಚಿಯ ತೋಳು ಹಿಡಿದು, ಹಲ್ಲು ಕಚ್ಚಿ, ಎದ್ದೇಬಿಟ್ಟರು. ಸೀಟಿ ಊದಿದರು. ಕೈ ಮೇಲೆ, ಕೈ ಪಕ್ಕಕ್ಕೆ, ಕೈ ಮುಂದೆ. ನರ್ಸಿಗೂ ಮಾಡಲು ಸನ್ನೆ ಮಾಡಿದರು. ಅವಳು ಪಾಪ, ಮಾಡಿದಳು. ಗಯಾನಾದವಳು ಅಡುಗೆಮನೆಯ ಬಾಗಿಲಲ್ಲಿ ಹಣೆ ಹಣೆ ಚಚ್ಚಿಕೊಂಡಳು. ನಾನು ನಡುವೆ ಬಾಯಿ ಹಾಕಿದರೆ, ಪರೀಕ್ಷೆಗೆ ಕೂತವರೇ ಉತ್ತರ ಕೊಡಬೇಕಂತೆ. ನರ್ಸಿನ ಕಾರು ತಿರುವು ದಾಟುವವರೆಗೆ ನಿಂತಿದ್ದ ಅತ್ತೆ ಆಮೇಲೆ ಹಾಸಿಗೆ ಹಿಡಿದು ಮರುದಿನವೂ ಏಳಲಿಲ್ಲ.

ಫಸ್ಟ್ ಕ್ಲಾಸಿನಲ್ಲಿ ಪಾಸಾದರು. ಮಧ್ಯಾಹ್ನದ ನಂತರ ಇವರಿಗೆ ಯಾರ ಸಹಾಯವೂ ಬೇಕಿಲ್ಲ ಎಂದು ಪ್ಲಾನಿನವರು ಹೇಳಿದರು.

ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಅತ್ತೆ ಬಚ್ಚಲುಮನೆಯ ಎದುರು, ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಾರೆ.

"ಯಾಕೆ ಇಲ್ಲಿ ಕೂತಿದ್ದೀರಿ?"

"ತಂಪ ಐತಿ ಅಂತ."

ಹೊರಗೆ ಹಿಮ ಬೀಳುತ್ತಿತ್ತು. ನಾನು ಅವರನ್ನು ಎಬ್ಬಿಸಿದೆ. ಅವರ ಕೈ ಮಂಜುಗಡ್ಡೆಯಾಗಿತ್ತು. ಮರುದಿನವೇ ಪ್ಲಾನಿನವರ ತೀರ್ಮಾನದ ಮೇಲೆ ಅಪೀಲು ಹಾಕಿದೆ. ಇನ್ನೊಬ್ಬ ನರ್ಸ್ ಬರುವುದೆಂದಾಯಿತು.

ಈ ಸಲ ಅತ್ತೆಯನ್ನು ಫೇಲು ಮಾಡಿಸಲೇಬೇಕು. ಸುಳ್ಳು ಹೇಳಿ ಎಂದರೆ ಅವರು ಹೇಳುವವರಲ್ಲ. ನಿಜ ಹೇಳಿ ಎಂದರೂ ಹೇಳುವವರಲ್ಲ. ಆದ್ದರಿಂದ ಸುಳ್ಳಿನ ಭಾರವನ್ನು ನಾನೇ ಹೊತ್ತೆ. ಗಯಾನಾದವಳಿಗೆ ಅವಳ ಏಜೆನ್ಸಿಯವರು ಮಧ್ಯಾಹ್ನದ ಹೊತ್ತಿಗೆ ಬೇರೆ ಮನೆ ಹುಡುಕುತ್ತಿದ್ದದ್ದು ನಿಜ. ಅಷ್ಟು ನಿಜಕ್ಕೆ ನಾನೊಂದು ಹೆಬ್ಬಾವು ಸೇರಿಸಿದೆ.

"ಅವಳನ್ನ ಒಬ್ಬ ಮುದುಕನ ಮನೆಗೆ ಹಾಕ್ತಾರಂತೆ ಅತ್ತೆ. ಆತ ಹೆಬ್ಬಾವು ಸಾಕಿದ್ದಾನಂತೆ."

"ಮನ್ಯಾಗ?"

"ಸೋಫಾ ಮೇಲೆ."

ಅತ್ತೆ ನಮ್ಮ ಸೋಫಾವನ್ನೊಮ್ಮೆ ನೋಡಿದರು. ಆಮೇಲೆ, "ಆಕಿ ಹುಳಕ್ಕೂ ಅಂಜತಾಳ" ಎಂದರು.

ಎರಡನೆಯ ನರ್ಸ್ ಬಂದ ದಿನ ಸೀಟಿಯೂ ಇಲ್ಲ, ಇಳಕಲ್ಲೂ ಇಲ್ಲ. ಮನೆಯ ನೈಟಿಯಲ್ಲೇ ಕೂತಿದ್ದರು. ಕೈ ಎತ್ತಕ್ಕಾಗುತ್ತಾ ಎಂದು ಈ ಸಲದ ದುಭಾಷಿ ಕೇಳಿದಾಗ ಅವರ ಎರಡೂ ಕೈ ತೊಡೆಯಿಂದ ಒಂದಿಷ್ಟು ಮೇಲೆದ್ದು ಮತ್ತೆ ಕೆಳಗಿಳಿದವು. ಬಾಗಿಲಲ್ಲಿ ನಿಂತಿದ್ದವಳ ಕಡೆ ನೋಡಿದರು.

"ಕುಂತರ ಎತ್ತತೀನಿ. ನಿಂತು ಎತ್ತಾಕ ಆಗೂದಿಲ್ಲ" ಎಂದರು. ಆಗೂದಿಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಯಾರೂ ಕೇಳದೆಯೇ ಮುಂದುವರಿಸಿದರು: "ಅವತ್ತ ಬಿದ್ದಿದ್ದೆ ನಾ. ಊಟ ಆದಾಗಿಂದ ಸೊಸಿ ಬರೂತನಕ ಅಲ್ಲೇ ಇದ್ದೆ. ಭಾಳ ಕೂಗಿದೆ. ಬಾಜೂ ಮನಿ ನಾಯಿ ಅಷ್ಟ ಓಗೊಟ್ಟಿತು."

ದುಭಾಷಿ ಅನುವಾದಿಸಿದಳು. ಅತ್ತೆಯ ದನಿ ಇಡೀ ಬೀದಿಗೆ ಕೇಳುವಂಥದು. ಅವತ್ತು ಕೇಳಲು ಬೀದಿಯಲ್ಲಿ ಯಾರೂ ಇರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಶನಿವಾರವೊಂದನ್ನು ಬಿಟ್ಟು ಮಿಕ್ಕ ದಿನಗಳ ಸಹಾಯದ ಹೊತ್ತೆಲ್ಲ ವಾಪಸು ಬಂತು. ದೇವಸ್ಥಾನದ ಊಟದಲ್ಲಿ ಅತ್ತೆ ಆಂಟಿಯರನ್ನೆಲ್ಲ ಸುತ್ತ ಕೂರಿಸಿಕೊಂಡು, ತನಗೇನೂ ಗಯಾನಾದವಳ ಅಗತ್ಯವಿಲ್ಲ, ಹೆಬ್ಬಾವಿನ ಬಾಯಿಂದ ತಪ್ಪಿಸಲು ಇಟ್ಟುಕೊಂಡಿದ್ದೇನೆ ಎಂದು ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಬಿಸಿಬೇಳೆ ಬಾತ್ ತಿಂದೆ.

ಶನಿವಾರದ ಜಳಕ ನನ್ನ ಪಾಲಿಗೆ ಬಂದಿದೆ. ಮೊದಲ ಶನಿವಾರ ನನ್ನ ಭುಜ ಗಟ್ಟಿಯಾಗಿ ಹಿಡಿದು ಸ್ಟೂಲಿನ ಮೇಲೆ ಕೂತ ಅತ್ತೆ, ಮೂರ್ನಾಲ್ಕು ಮಗ್ಗು ನೀರು ಹುಯ್ಯಿಸಿಕೊಂಡು ತೀರ್ಪು ಕೊಟ್ಟರು.

"ಆಕಿ ನಿನಗಿಂತ ಛಲೋ ಹಾಕತಾಳ."