ಅಪ್ಪನಿಗೆ ಕಾಣದ ಕೆಂಪು ಗೆರೆ

ಅಪ್ಪ ನನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಬಿಸಿಲಿಗೆ ಹೊರಟೇಬಿಟ್ಟರು. ಗದ್ವಾಲ್ ಸೀರೆಯ ಅಂಚಿನ ನೂಲನ್ನು ಬಣ್ಣಕ್ಕೆ ಅದ್ದುವವರು ಅವರು. ಯಾವ ಬಣ್ಣವನ್ನೂ ಹೊಸ್ತಿಲಾಚೆ ಬಿಸಿಲಿಗೆ ಹಿಡಿಯದೆ ಒಪ್ಪಿದವರಲ್ಲ. ಬಿಸಿಲಿಗೆ ಪರದೆಯೇ ಕಾಣಲಿಲ್ಲ. ನಾನು ನಕ್ಕು ನೆರಳಿಗೆ ತಿರುಗಿಸಿದೆ.

ಅದರಲ್ಲಿದ್ದದ್ದು ನಾನು ಸಂಶೋಧನೆ ಮಾಡುತ್ತಿರುವ, ದೂರದ ಆಕಾಶಕಾಯವಾದ ಕ್ವೇಸಾರ್‌ನ ಎರಡು ವರ್ಣಪಟಲ. ದೈತ್ಯ ಕಪ್ಪುಕುಳಿಯ ಸುತ್ತ ಉರಿಯುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಗಳು. ತೆಲಂಗಾಣ ರಾಜ್ಯವಾದ ವರ್ಷದ ಪಟ್ಟಿಯಲ್ಲಿ ದಪ್ಪ ಕೆಂಪು ಗೆರೆಯಿತ್ತು, ಹೊಸದರಲ್ಲಿ ಮಾಯ. ನಡುವೆ ದೂಳು ಅಡ್ಡ ಬಂದಿದ್ದರೆ ಗೆರೆ ಮರಳೀತು, ಉರಿಯೇ ಆರುತ್ತಿದ್ದರೆ ಆ ಆಸೆಯೂ ಇಲ್ಲ. ಇದನ್ನೆಲ್ಲ ವಿವರಿಸಿ, "ಹಳೇದ್ರಾಗ ಕೆಂಪು ನೋಡ್ರಿ ಅಪ್ಪಾ" ಎಂದೆ.

ಅವರು ಬಹಳ ಹೊತ್ತು ನೋಡಿದರು. "ಕೆಂಪೆಲ್ಲೈತವ್ವಾ? ಎರಡೂ ಬೂದಿ ಬಣ್ಣನ ಐತಿ."

ನನ್ನ ನಗು ಅಲ್ಲೇ ನಿಂತಿತು. ಅಪ್ಪ ದನಿ ತಗ್ಗಿಸಿದರು. "ನಿಮ್ಮವ್ವಗ ಹೇಳಬ್ಯಾಡ. ನೂಲು ಕೊಡೋರಿಗೆ ಗೊತ್ತಾದ್ರ ಕೆಲಸ ನಿಂತು ಹೋಗ್ತೈತಿ."

ಮರುದಿನ ಅಪ್ಪನನ್ನು ಕರ್ನೂಲಿನ ಕಣ್ಣಾಸ್ಪತ್ರೆಗೆ ಕರೆದೊಯ್ದೆ. ಬರೀ ಪೊರೆಯಾಗಿರಲಿ, ತೆಗೆಸಿದರೆ ಬೆಳಕು ಮರಳಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಕಣ್ಣಿನ ಡಾಕ್ಟರು ಪರೀಕ್ಷಿಸಿ, ಪೊರೆಯಲ್ಲ, ನರವೇ ಒಣಗುತ್ತಿದೆ, ಹೋದದ್ದು ಬರುವುದಿಲ್ಲ ಎಂದರು.

ಅಪ್ಪ ಈಗಲೂ ಒದ್ದೆ ನೂಲನ್ನು ಹೊಸ್ತಿಲಾಚೆ ಬಿಸಿಲಿಗೆ ಹಿಡಿಯುತ್ತಾರೆ. ಹಿಡಿದು ಅವ್ವನ ಮುಖ ನೋಡುತ್ತಾರೆ. ನಾನು ಹೇಳದೆಯೇ ಅವ್ವನಿಗೆ ತಿಳಿದಿರಬೇಕು. ಕೆಂಪು ಕೂತಿರಲಿ, ಕೂರದಿರಲಿ, ಅವ್ವ ಚಂದ ಐತಿ ಎನ್ನುತ್ತಾಳೆ.