ಎರಡೂಕಾಲು ಇಂಚು ಜಾಗ

ಬಾಯಲ್ಲಿ ಆರೇಳು ಗುಂಡುಪಿನ್ನು ಕಚ್ಚಿಕೊಂಡೇ ಅವರು ಫೋನಿನಲ್ಲಿ ಮಾತನಾಡುತ್ತಿದ್ದರು. ಪಿನ್ನುಗಳು ತುಟಿಯ ಎಡಮೂಲೆಯಲ್ಲಿ, ಚೀನೀ ಮಾತು ಬಲಮೂಲೆಯಿಂದ. ತೊಂಬತ್ತೆರಡರ ಏಪ್ರಿಲಿನ ಮೊದಲ ಗುರುವಾರವೂ ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಹೊಲಿಗೆ ಅಂಗಡಿಯಲ್ಲಿ ಹಾಗೆಯೇ ಕೂತಿದ್ದರು. ತೊಡೆಯ ಮೇಲೆ ಯಾರದೋ ಮದುವೆಯ ಬಿಳಿ ಗೌನು, ಫೋನಿನ ಆ ತುದಿಯಲ್ಲಿ ಅಲ್ಫರೆಟಾದ ಗೆಳತಿ. ಮಾತು ಮುಗಿಸಿ, ಪಿನ್ನುಗಳನ್ನು ಒಂದೊಂದಾಗಿ ಪುಟ್ಟ ದಿಂಬಿಗೆ ಚುಚ್ಚಿ, ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು.

"ಶನಿವಾರ," ಎಂದರು. "ಅವ ಶನಿವಾರನ ಬರ್ತಾನ. ನಾವು ಅವನಕಿಂತ ಮೊದ್ಲು."

ಚೀನಾದಿಂದ ಬಂದ ಆ ಹೆಂಗಸೂ ನಾನೂ ಮಾತನಾಡುತ್ತಿದ್ದದ್ದು ಕುಂಟು ಇಂಗ್ಲಿಷಿನಲ್ಲಿ. ಗದಗಿನಲ್ಲಿ ಮ್ಯಾಟ್ರಿಕ್ ಮುಗಿಸಿ ಹೊಲಿಗೆ ಕ್ಲಾಸಿಗೆ ಹೋದವಳು ನಾನು. ಅವರು ನನಗಿಂತ ಕಡಿಮೆ ಓದಿದವರು. ಆದರೆ ಅವರ ಮಾತು ನನ್ನ ಕಿವಿಗೆ ಗದಗಿನ ಮಾತಿನ ಹಾಗೆಯೇ ಕೇಳಿಸುತ್ತಿತ್ತು. ಹಾಗಾಗಿ ಹಾಗೆಯೇ ಬರೆಯುತ್ತಿದ್ದೇನೆ.

ಅದು ನಾವು ಅಂಗಡಿಯಲ್ಲಿ ಏನೂ ಆಗದವರ ಹಾಗೆ ಕಳೆದ ಕೊನೆಯ ದಿನ. ಅವರ ಹೊಟ್ಟೆಯ ಪರೀಕ್ಷೆಯ ಫಲಿತಾಂಶ ಸೋಮವಾರ ಬರುವುದಿತ್ತು. ಆದರೂ ಅಂದು ನಮಗೆ ಬೇಕಾಗಿದ್ದದ್ದು ಹೂವಿನ ಸುದ್ದಿ ಮತ್ತು ಮಳೆಯ ಸುದ್ದಿ.

ಅವರ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಇಪ್ಪತ್ತನಾಲ್ಕು ಗೆಣ್ಣು, ಕಬ್ಬಿನ ಗೆಣ್ಣಿನ ಹಾಗೆ. ಹದಿನೈದು ದಿನಕ್ಕೊಂದು. ಹುಳುಗಳು ಎಚ್ಚರಾಗುವ ಗೆಣ್ಣು, ಹಗಲು ರಾತ್ರಿ ಸಮವಾಗುವ ಗೆಣ್ಣು, ಆಮೇಲೆ ಏಪ್ರಿಲಿನ ಮೊದಲಲ್ಲಿ ತಿಳಿಬೆಳಕಿನ ಗೆಣ್ಣು. ಆ ತಿಳಿಬೆಳಕಿನ ದಿನ ಚೀನೀಯರು ಹಿರಿಯರ ಸಮಾಧಿಗೆ ಹೋಗಿ, ಗುಡಿಸಿ, ಕಳೆ ಕಿತ್ತು, ಊಟ ಇಟ್ಟು ಬರುತ್ತಾರೆ. ನಮ್ಮಲ್ಲೂ ಮಳೆಗೆ ನಕ್ಷತ್ರಗಳಿವೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅನ್ನುತ್ತೇವೆ ಎಂದು ಒಮ್ಮೆ ಹೇಳಿದ್ದೆ. ಅವರಿಗೆ ಬಹಳ ಇಷ್ಟವಾಯಿತು. "ಹಂಗಾದ್ರ ನಿಮ್ಮವರಿಗೂ ಬುದ್ಧಿ ಐತಿ," ಎಂದರು.

ವಸಂತ ಬಂತೆಂದರೆ ಅಂಗಡಿಗೆ ಬರುವ ಅಮೆರಿಕನ್ ಹೆಂಗಸರು, "ಎಷ್ಟು ಚಂದ, ಪ್ರತಿ ವರ್ಷ ಚೆರ್ರಿ ಹೂ ನೋಡೋಕೆ ವಾಷಿಂಗ್ಟನ್‌ಗೆ ಹೋಗ್ತೀರಾ?" ಎನ್ನುತ್ತಿದ್ದರು. ಇವರು ನಗುತ್ತಾ ತಲೆಯಾಡಿಸುತ್ತಿದ್ದರು. ನಾವು ಹೋಗುತ್ತಿದ್ದದ್ದು ಹೂ ನೋಡಲಿಕ್ಕಲ್ಲ. ಸೇಡು ತೀರಿಸಿಕೊಳ್ಳಲಿಕ್ಕೆ.

ಇವರ ಗಂಡ ವಾಷಿಂಗ್ಟನ್ನಿಗೆ ಹೊಂದಿದ ಮೇರಿಲ್ಯಾಂಡಿನಲ್ಲಿ ತನ್ನ ಸ್ವಂತ ತಮ್ಮನ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಒಂದು ದಿನ ಎದೆ ನೋವು ಎಂದಾಗ ಆ ಮೈದುನ, "ಮಧ್ಯಾಹ್ನದ ಗಿರಾಕಿ ಮುಗೀಲಿ, ಆಮೇಲೆ ಡಾಕ್ಟರ್," ಎಂದನಂತೆ. ಗಿರಾಕಿ ಮುಗಿಯುವ ಮೊದಲೇ ಗಂಡ ಒಲೆಯ ಮುಂದೆ ಕುಸಿದರು. ಇವರು ಆ ಹೋಟೆಲಿನಲ್ಲಿ ಇನ್ನು ತಟ್ಟೆ ತೊಳೆಯುವುದಿಲ್ಲ ಎಂದು ಎದ್ದು ಬಂದರು. ಮೈದುನ ಸಮಾಧಿಗೆ ಕಲ್ಲು ನಿಲ್ಲಿಸಿದ. ಅವರ ಪದ್ಧತಿಯಲ್ಲಿ ಕಲ್ಲಿನ ಎಡಗಡೆ, ಅದನ್ನು ನಿಲ್ಲಿಸಿದ ಮನೆಯವರ ಹೆಸರುಗಳಿರುತ್ತವೆ. ಅಲ್ಲಿ ತಮ್ಮನ ಹೆಸರಿತ್ತು, ತಮ್ಮನ ಹೆಂಡತಿಯ ಹೆಸರಿತ್ತು, ಅವರ ಮೂರು ಮಕ್ಕಳದ್ದೂ ಇತ್ತು. ಸತ್ತವನ ಹೆಂಡತಿಯ ಹೆಸರಿರಲಿಲ್ಲ. ಕೇಳಿದರೆ, "ಜಾಗ ಸಾಲಲಿಲ್ಲ," ಎಂದನಂತೆ.

ಸ್ಮಶಾನದ ಆ ಜಾಗ ಅವನ ಹೆಸರಿನಲ್ಲಿತ್ತು. ಅವನು ಸಹಿ ಹಾಕದೆ ಕಲ್ಲಿನ ಮೇಲೆ ಒಂದು ಗೆರೆ ಕೊರೆಯುವ ಹಾಗಿಲ್ಲ. ಮೊದಲ ವರ್ಷ ಇವರು ಬಸ್ಸು ಹಿಡಿದು ಹೋಗುವ ಹೊತ್ತಿಗೆ ಅವನ ಮನೆಯವರು ಸಮಾಧಿ ಗುಡಿಸಿ ಊಟಕ್ಕೆ ಕೂತಿದ್ದರು. ಅವನು ಎಲ್ಲರೆದುರು, "ಮೊದಲು ಬಂದವರದ್ದು ಸಮಾಧಿ. ನೀನು ಊಟದ ಹೊತ್ತಿಗೆ ಬಂದೆ," ಎಂದನಂತೆ.

ಅಲ್ಲಿಂದ ಮುಂದೆ ಒಂಬತ್ತು ವಸಂತ ಅವರೇ ಮೊದಲು. ಒಂಬತ್ತರಲ್ಲಿ ಕೊನೆಯ ಐದು ನನ್ನ ಕಾರಿನಲ್ಲಿ.

ಅದಕ್ಕೆ ಅವರು ಮಾಡುತ್ತಿದ್ದ ಲೆಕ್ಕಾಚಾರ ಯಾವ ಸೇನಾಪತಿಗೂ ಕಡಿಮೆ ಇರಲಿಲ್ಲ. ಮೈದುನನ ಮನೆಗೆ ಪ್ರತಿ ವಸಂತ ನ್ಯೂಯಾರ್ಕಿನಿಂದ ನೆಂಟರು ಬರುತ್ತಿದ್ದರು. ಅವನು ಅವರಿಗೆ ಚೆರ್ರಿ ಹೂ ತೋರಿಸುವ ವಾರಕ್ಕೇ ಸಮಾಧಿಯನ್ನೂ ಮುಗಿಸುತ್ತಿದ್ದ. ಆದ್ದರಿಂದ ಹೂ ಅರಳುವ ವಾರ ಗೊತ್ತಾದರೆ ಅವನು ಬರುವ ವಾರ ಗೊತ್ತಾದ ಹಾಗೆ. ನಮಗಿಂತ ದಕ್ಷಿಣದ ಅಲ್ಫರೆಟಾದಲ್ಲಿ ಗೆಳತಿಯ ಹಿತ್ತಲಲ್ಲಿ ಹೂ ಬಿಟ್ಟ ಒಂದು ಗೆಣ್ಣಿಗೆ, ಅಂದರೆ ಹದಿನೈದು ದಿನಕ್ಕೆ, ವಾಷಿಂಗ್ಟನ್ನಿನಲ್ಲಿ ಬಿಡುತ್ತದೆ. ನಡುವೆ ನಮ್ಮ ಕ್ಯಾರಿಯ ರಸ್ತೆಬದಿಯ ನೇರಳೆ ಬಣ್ಣದ ಹೂಗಳನ್ನು ನೋಡಿ ಒಂದೆರಡು ದಿನ ಹಿಂದೆ ಮುಂದೆ ಸರಿಸುವುದು. ಆಮೇಲೆ ಟಿವಿಯ ಹವಾಮಾನ. ಮಳೆಯಿದ್ದರೆ ಅವನು ಹೊರಡುವುದಿಲ್ಲ.

"ಹತ್ತು ದಿನ ಮೊದಲೇ ಹೋಗಿ ಗುಡಿಸಿ ಬಂದರಾಗದೇನ್ರಿ?" ಎಂದು ಮೊದಲ ವರ್ಷ ಕೇಳಿದ್ದೆ.

"ಅವ ನೋಡಬೇಕಲ್ಲ," ಎಂದರು.

ಹೌದು, ಅವನು ನೋಡುತ್ತಿದ್ದ. ಗೇಟು ಎಂಟಕ್ಕೆ ತೆರೆಯುತ್ತಿತ್ತು. ಎಂಟೂವರೆಗೆ ನಮ್ಮ ಕೆಲಸ ಮುಗಿದಿರುತ್ತಿತ್ತು. ಹತ್ತರ ಸುಮಾರಿಗೆ ಅವನು ನೆಂಟರೊಡನೆ ಪೊರಕೆ ಹಿಡಿದು ಬಂದರೆ ಗುಡಿಸಲು ಒಂದು ಎಲೆಯೂ ಉಳಿದಿರುತ್ತಿರಲಿಲ್ಲ. ಇವರು ಮಡಚುವ ಕುರ್ಚಿಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಆಮೇಲೆ ಎದ್ದು, ಕೊರಳಿನ ಹೊಲಿಗೆ ಟೇಪನ್ನು ತೆಗೆದು, ಕಲ್ಲಿನ ಎಡಗಡೆ ಕೊನೆಯ ಹೆಸರಿನ ಕೆಳಗಿದ್ದ ಖಾಲಿ ಜಾಗವನ್ನು ಎಲ್ಲರಿಗೂ ಕಾಣುವ ಹಾಗೆ ಅಳೆಯುತ್ತಿದ್ದರು. ಎರಡೂಕಾಲು ಇಂಚು. ಗಟ್ಟಿಯಾಗಿ ಹೇಳುತ್ತಿದ್ದರು. ಪ್ರತಿ ವರ್ಷ ಅದೇ ಅಳತೆ, ಅದೇ ದನಿ.

ನನ್ನ ಮಗಳಿಗೆ ಆಗ ಹತ್ತು ವರ್ಷ. "ಅಮ್ಮಾ, ಶೀ ಈಸ್ ಸೋ ಮೀನ್. ಐ ಲವ್ ಇಟ್," ಎನ್ನುತ್ತಿದ್ದಳು. ನನ್ನ ಗಂಡ, "ಏನಂತೈತಿ ನಿಮ್ಮ ಆಂಟಿ ಪಂಚಾಂಗ? ಈ ಸಲ ದಂಡಯಾತ್ರೆ ಯಾವ ಮುಹೂರ್ತಕ್ಕ?" ಎಂದು ಕಾಡುತ್ತಿದ್ದರು.

ತೊಂಬತ್ತೊಂದರಲ್ಲಿ ಒಂದು ಮಾತು ನಡೆಯಿತು. ನ್ಯೂಯಾರ್ಕಿನ ನೆಂಟರಲ್ಲಿ ಎಲ್ಲರಿಗಿಂತ ಹಿರಿಯನಾದ ಮುದುಕ, ಟೇಪು ಹಿಡಿದಿದ್ದ ಇವರನ್ನು ನೋಡಿ ಮೈದುನನಿಗೆ, "ಒಂಬತ್ತು ವರ್ಷ ನಿನ್ನ ಅತ್ತಿಗೆಯೇ ಮೊದಲು. ಹತ್ತನೆಯದೂ ಅವಳದೇ ಆದರೆ ಅವಳ ಹೆಸರು ಕೆತ್ತಿಸು," ಎಂದ. ಹಿರಿಯನ ಎದುರು ಮೈದುನ ಇಲ್ಲವೆನ್ನಲಾಗದೆ, "ಆಗಲಿ," ಎಂದ. ಕಾರಿನಲ್ಲಿ ಇವರು ನನಗೆ ಅದನ್ನು ತಿಳಿಸಿ ಹೇಳಿ, ರಿಚ್ಮಂಡ್ ದಾಟುವವರೆಗೂ ಒಬ್ಬರೇ ನಗುತ್ತಿದ್ದರು.

ಹತ್ತನೆಯ ವರ್ಷವನ್ನು ಕೈತಪ್ಪಿಸಿದವಳು ನಾನು.

ಆ ವರ್ಷ ತಿಳಿಬೆಳಕಿನ ದಿನವೂ ಯುಗಾದಿಯೂ ಒಂದೇ ಶನಿವಾರ ಬಿದ್ದಿದ್ದವು. ಶುಕ್ರವಾರವೇ ಹೋಗಿ ಮೋಟೆಲಿನಲ್ಲಿ ತಂಗಿದ್ದೆವು. ಅವರ ಹೊಟ್ಟೆಯ ಗಂಟಿನ ಚಿಂತೆ ನನ್ನನ್ನು ತಿನ್ನುತ್ತಿತ್ತು. ಅಲ್ಲೇ ಹತ್ತಿರದ ಲ್ಯಾನ್‌ಹ್ಯಾಮಿನ ದೇವಸ್ಥಾನದಲ್ಲಿ ಅವರ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸಬೇಕೆಂದುಕೊಂಡಿದ್ದೆ. ಆದರೆ ಸ್ಮಶಾನಕ್ಕೆ ಹೋದ ಮೈಯಲ್ಲಿ ದೇವಸ್ಥಾನಕ್ಕೆ ಹೋಗುವಂತಿಲ್ಲ, ಸ್ನಾನವಾಗಬೇಕು. ಮೋಟೆಲ್ ಬಿಟ್ಟ ಮೇಲೆ ಸ್ನಾನ ಎಲ್ಲಿ? ಹಾಗಾಗಿ ದೇವರು ಮೊದಲು, ಸಮಾಧಿ ಆಮೇಲೆ ಎಂದು ನಾನೇ ತೀರ್ಮಾನಿಸಿದೆ.

"ಏಳಕ್ಕ ಮುಗಸ್ತೀನ್ರಿ. ಎಂಟಕ್ಕ ಗೇಟಿನಾಗ ಇರ್ತೀವಿ," ಎಂದೆ.

ಅವರು ಗಡಿಯಾರ ನೋಡಿ, "ನಿನ್ನ ದೇವರಿಗೆ ಕ್ಯೂ ಇರ್ತೈತೇನು?" ಎಂದು ಕೇಳಿದರು.

"ಇಲ್ರಿ," ಎಂದೆ.

ಯುಗಾದಿಯ ದಿನ. ವರ್ಜೀನಿಯಾದಿಂದ, ಬಾಲ್ಟಿಮೋರಿನಿಂದ, ಎಲ್ಲೆಲ್ಲಿಂದಲೋ ಜನ ಬಂದಿದ್ದರು. ರೇಷ್ಮೆ ಸೀರೆಗಳ ಸಾಲು ಮುಂದೆ ಸರಿಯಲೇ ಇಲ್ಲ. ಯಾರೋ ಅವರ ಕೈಗೂ ಬೇವುಬೆಲ್ಲ ಹಾಕಿದರು. ಅಗಿದು, ಮುಖ ಹಿಂಡಿ, "ವರ್ಷದ ಮೊದಲನೇ ದಿನಾನ ಕಹಿ ತಿನ್ನಿಸ್ತೀರಿ. ಛಲೋ ಪದ್ಧತಿ," ಎಂದರು. ಸಾಲು ಬಿಟ್ಟು ಹೊರಡಬೇಕು ಎಂದು ಎರಡು ಸಲ ಅನ್ನಿಸಿತು. ದೇವರಿಗೆಂದು ನಿಂತವಳು ನಡುವೆ ಬಿಟ್ಟು ಹೋದರೆ ಅವರಿಗೇ ಕೆಡುಕಾದೀತು ಎಂಬ ಹೆದರಿಕೆ. ನಿಂತೇ ಇದ್ದೆ. ಕೊನೆಗೆ ಅರ್ಚಕರು, "ಹೆಸರು? ಗೋತ್ರ? ನಕ್ಷತ್ರ?" ಎಂದರು. ನಮ್ಮ ಗೋತ್ರವನ್ನೇ ಹೇಳಿದೆ. ಅವರ ಹೆಸರನ್ನು ಎರಡು ಸಲ ಹೇಳಿದೆ. ಸಂಸ್ಕೃತದ ನಡುವೆ ಆ ಚೀನೀ ಹೆಸರು ಕೇಳಿ ಮುಂದಿದ್ದವರು ತಿರುಗಿ ನೋಡಿದರು.

ಸ್ಮಶಾನ ಮುಟ್ಟಿದಾಗ ಹತ್ತಕ್ಕೆ ಕಾಲು ಗಂಟೆ ಇತ್ತು. ಮಾತು ಕೊಟ್ಟು ಸಿಕ್ಕಿಬಿದ್ದ ಮೈದುನ, ಆ ಒಂದು ವರ್ಷ ಗೇಟು ತೆರೆಯುವ ಮೊದಲೇ ಬಂದು ಕಾದಿದ್ದನಂತೆ. ಸಮಾಧಿ ಥಳಥಳ ಎನ್ನುತ್ತಿತ್ತು. ಊದುಬತ್ತಿಗಳು ಅರ್ಧ ಉರಿದಿದ್ದವು. ಕಿತ್ತಳೆಗಳನ್ನು ಗೋಪುರದ ಹಾಗೆ ಒಟ್ಟಿದ್ದರು. ಅವನು ಅದರ ತುದಿಯಿಂದ ಒಂದು ತೆಗೆದು ನಗುತ್ತಾ ಇವರ ಮುಂದೆ ಹಿಡಿದು ಏನೋ ಅಂದ. ಹಿರಿಯ ಮುದುಕ ತನ್ನ ಬೂಟು ನೋಡಿಕೊಂಡ.

ಇವರು ಎರಡೂ ಕೈಯಿಂದ ಆ ಹಣ್ಣು ತೆಗೆದುಕೊಂಡರು. ಚೀಲಕ್ಕೆ ಹಾಕಿದರು. ಅದೇ ಚೀಲದಿಂದ ತಮ್ಮ ಪೊರಕೆ ತೆಗೆದು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದರು. ಅವಸರವಿಲ್ಲದೆ, ಮೂಲೆ ಮೂಲೆ. ಅಂದು ಟೇಪು ತೆಗೆಯಲಿಲ್ಲ.

ಕಾರಿನಲ್ಲಿ ನಾನು ಅಳತೊಡಗಿದೆ.

"ಅಳಬ್ಯಾಡ. ಡ್ರೈವ್ ಮಾಡು."

ಹೆದ್ದಾರಿ ಸೇರಿದ ಮೇಲೆ, ಹಣ್ಣು ಕೊಡುವಾಗ ಅವನು ಏನಂದ ಎಂದು ಕೇಳಿದೆ.

"ದೂರದಿಂದ ಬಂದೀರಿ, ಹಣ್ಣು ತಗೋರಿ ಅಂದ. ಮನಿಗೆ ಬಂದ ಅತಿಥಿಗೆ ಅನ್ನೋ ಮಾತು ಅದು." ತಮ್ಮ ಗಂಡನ ಸಮಾಧಿಯ ಮುಂದೆ ಅವರು ಅತಿಥಿಯಾದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ, "ಆ ನಿಮ್ಮ ಪೂಜಾರಿ ನನ್ನ ಹೆಸರು ಸರಿಯಾಗಿ ಹೇಳಿದನೇನು?" ಎಂದು ಕೇಳಿದರು.

"ಹೇಳಿದ್ರಿ."

"ಮತ್ತೇನು. ಒಂದು ಕಡಿಗೆ ಆತು."

ಸೋಮವಾರ ಡಾಕ್ಟರ ಫೋನ್ ಬಂತು. ಬೇಸಿಗೆಯಲ್ಲೂ ಅವರು ಅಂಗಡಿಗೆ ಬರುತ್ತಿದ್ದರು, ಕೂತು ಗುಂಡಿ ಹಚ್ಚುತ್ತಿದ್ದರು. ಆಸ್ಪತ್ರೆ ಸೇರಿದ ಮೇಲೆ ಯಾರೋ ಚರ್ಚಿನ ಹೆಂಗಸು ಬಂದು, ಎಲ್ಲರನ್ನೂ ಕ್ಷಮಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದಳು. ಅವಳು ಹೋದ ಮೇಲೆ ನನ್ನನ್ನು ಹತ್ತಿರ ಕರೆದರು. ಅವರು ನನಗೆ ಸ್ಪಷ್ಟವಾಗಿ ಹೇಳಿದ ಕೊನೆಯ ಮಾತು ಇದು: "ಅವನಿಗೆ ಮೊಣಕಾಲು ನೋವು ಶುರು ಆಗೇತಿ. ಥಂಡಿ ಇದ್ರ ತಡಾ ಬರ್ತಾನ. ನೆನಪಿಟ್ಕೋ."

ಅವರ ಕ್ಯಾಲೆಂಡರಿನ ಪ್ರಕಾರ ಹಿಮ ಇಳಿಯುವ ಗೆಣ್ಣಿನಲ್ಲಿ, ಅಕ್ಟೋಬರಿನ ಕೊನೆಗೆ, ಹೋದರು. ಗಂಡನ ಪಕ್ಕದ ಜಾಗ ಮೊದಲಿನಿಂದಲೂ ಅವರಿಗೆಂದೇ ಇತ್ತು, ಅದನ್ನು ಮೈದುನ ತಪ್ಪಿಸಲಾಗಲಿಲ್ಲ. ಕಲ್ಲಿನ ಮಾತೆತ್ತಿದಾಗ, "ನೋಡೋಣ, ಮುಂದೆ ಮಾಡಿಸೋಣ," ಎಂದ. ಇಂದಿಗೂ ಅಲ್ಲಿ ಇರುವುದು ಸಂಖ್ಯೆ ಹೊಡೆದ ಒಂದು ಪುಟ್ಟ ತಗಡು.

ಅಂಗಡಿಯ ಮೇಜಿನ ಡ್ರಾಯರಿನಲ್ಲಿ ದಾರದ ಉಂಡೆಗಳ ನಡುವೆ ಆ ಕಿತ್ತಳೆ ಸಿಕ್ಕಿತು. ಒಣಗಿ ಅಡಕೆಯ ಹಾಗೆ ಗಟ್ಟಿಯಾಗಿತ್ತು. ನಾನು ಎಸೆದಿಲ್ಲ.

ನಾನು ಜಗಳದವಳಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಎತ್ತರದ ದನಿಯಲ್ಲಿ ಮಾತನಾಡಿದವಳಲ್ಲ. ನಾಲ್ಕು ಜನರ ಎದುರು ತಲೆಯೆತ್ತಿ ನಿಲ್ಲಲು ಕಲಿಸಿದವರು ಅವರು. ಆದ್ದರಿಂದ ಆರು ವಸಂತಗಳಿಂದ ನಾನು ಹೋಗುತ್ತಿದ್ದೇನೆ. ಮಾರ್ಚಿನಲ್ಲಿ ಅಲ್ಫರೆಟಾಕ್ಕೆ ಫೋನ್ ಮಾಡಿ ಹೂವಿನ ಸುದ್ದಿ ಕೇಳುತ್ತೇನೆ, ಟಿವಿಯಲ್ಲಿ ಮಳೆ ನೋಡುತ್ತೇನೆ, ದಿನ ಎಣಿಸುತ್ತೇನೆ. ಗಂಡ ಈಗ ತಮಾಷೆ ಮಾಡುವುದಿಲ್ಲ, ಕಾರಿಗೆ ಪೆಟ್ರೋಲು ಹಾಕಿಸಿ ತಂದು ನಿಲ್ಲಿಸುತ್ತಾರೆ. ದೇವಸ್ಥಾನಕ್ಕೆ ಮರುದಿನ ತಲೆಗೆ ಸ್ನಾನ ಮಾಡಿ ಹೋಗುತ್ತೇನೆ. ದೇವರು ಕಾಯುತ್ತಾನೆ, ಆ ಮೈದುನ ಕಾಯುವುದಿಲ್ಲ. ನನ್ನ ಹಾಗೂ ದೇವರ ನಡುವೆಯೂ ಒಂದು ಮಾತು ಬಾಕಿಯಿದೆ. ಅರ್ಚನೆಯಲ್ಲಿ ಆರೋಗ್ಯ ಕೇಳಿದ್ದೆ, ಕೊಡಲಿಲ್ಲ. ಅದನ್ನು ದೇವಸ್ಥಾನದಲ್ಲಿ ನಿಂತು ದೇವರಿಗೂ ಹೇಳುತ್ತೇನೆ.

ಅವರ ಹೆಸರನ್ನು ನಾನು ಈ ಬರಹದಲ್ಲಿ ಬರೆದಿಲ್ಲ. ಮರೆತು ಬಿಟ್ಟದ್ದಲ್ಲ. ಅದು ಎಲ್ಲಿ ಮೊದಲು ಬರಬೇಕೋ ಅಲ್ಲಿ ಬರಲಿ, ಆಮೇಲೆ ಉಳಿದ ಕಡೆ.

ಈ ಏಪ್ರಿಲಿನಲ್ಲೂ ಗೇಟಿನ ಮುಂದೆ ಮೊದಲ ಕಾರು ನನ್ನದು. ಎರಡೂ ಸಮಾಧಿಗಳನ್ನು ಗುಡಿಸಿ, ಕಳೆ ಕಿತ್ತು, ಅವರ ಮಡಚುವ ಕುರ್ಚಿಯಲ್ಲಿ ಕೂತೆ. ಥಂಡಿ ಇತ್ತು. ಅವರು ಹೇಳಿದ ಹಾಗೆಯೇ ತಡವಾಗಿ, ಹನ್ನೊಂದರ ಮೇಲೆ, ಅವನು ಕೋಲೂರಿಕೊಂಡು ಬಂದ. ಜೊತೆಯಲ್ಲಿ ಹಿರಿಯ ಮುದುಕ ಇಲ್ಲ, ತೀರಿಕೊಂಡಿದ್ದಾನೆ. ನಾನು ಎದ್ದು, ಎರಡೂ ಕೈಯಲ್ಲಿ ಒಂದು ಕಿತ್ತಳೆ ಹಿಡಿದು, ಅಲ್ಫರೆಟಾದ ಗೆಳತಿಯಿಂದ ಫೋನಿನಲ್ಲಿ ಹತ್ತಾರು ಸಲ ಹೇಳಿಸಿಕೊಂಡು ಕಲಿತ, ನನಗೆ ಬರುವ ಒಂದೇ ಒಂದು ಚೀನೀ ವಾಕ್ಯವನ್ನು ಅವನಿಗೆ ಹೇಳಿದೆ. ದೂರದಿಂದ ಬಂದೀರಿ, ಹಣ್ಣು ತಗೋರಿ.

ಅವನ ಹೆಂಡತಿ, ಮಕ್ಕಳು, ಸೊಸೆಯಂದಿರು ಎಲ್ಲರೂ ಕೇಳಿಸಿಕೊಂಡರು. ಅವನು ಹಣ್ಣು ತೆಗೆದುಕೊಂಡ. ತೆಗೆದುಕೊಳ್ಳದೆ ಇರುವಂತಿರಲಿಲ್ಲ. ಆಮೇಲೆ, ಹೆಸರು ಕೆತ್ತಲು ಬೇಕಾದ ಸಹಿಯ ಕಾಗದ ಮುಂದೆ ಹಿಡಿದೆ. ಕನ್ನಡಕ ತಂದಿಲ್ಲ ಎಂದ. ಕನ್ನಡಕ ಅವನ ಜೇಬಿನಲ್ಲೇ ಇತ್ತು.

ಕೊರಳಿನಿಂದ ಟೇಪು ತೆಗೆದು ಎಲ್ಲರ ಎದುರು ಕಲ್ಲಿಗೆ ಹಿಡಿದೆ. ಎರಡೂಕಾಲು ಇಂಚು, ಎಂದು ಗಟ್ಟಿಯಾಗಿ ಹೇಳಿದೆ. ಅವರ ಹೆಸರು ಅಲ್ಲಿ ಇನ್ನೂ ಇಲ್ಲ.